ಹೆಗಲ ಮೇಲಿನ ಕ್ಷಿಪಣಿ ಮತ್ತು ಅದು ಕಸಿದುಕೊಳ್ಳುವ ಆಕಾಶ

1999ರ ಮೇ 28, ಕಾರ್ಗಿಲ್ ಯುದ್ಧದ ದಿನಗಳು. ದ್ರಾಸ್ ಬಳಿಯ ತೊಲೊಲಿಂಗ್ ಬೆಟ್ಟದ ಮೇಲೆ ಬೀಡುಬಿಟ್ಟಿದ್ದ ಪಾಕಿಸ್ತಾನಿ ಸೈನಿಕರ ಮೇಲೆ ರಾಕೆಟ್ ಸುರಿಯಲು ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಹೊರಟಿದ್ದವು. ಅವುಗಳಲ್ಲಿ ಒಂದರಲ್ಲಿ ಮಾತ್ರ ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್‌ಗಳ ವ್ಯವಸ್ಥೆ ಇರಲಿಲ್ಲ. ಕ್ಷಿಪಣಿ ಬಡಿದದ್ದು ಅದಕ್ಕೇ. ಒಳಗಿದ್ದ ನಾಲ್ವರೂ ಸತ್ತರು. ಅದರ ಹಿಂದಿನ ದಿನ ಎಂಜಿನ್ ಕೈಕೊಟ್ಟು ಒಂದು ಮಿಗ್-27 ಬಿದ್ದಿತ್ತು. ಅದರ ಪೈಲಟ್ ನಚಿಕೇತ ಎಲ್ಲಿ ಇಳಿದಿದ್ದಾರೆಂದು ಹುಡುಕುತ್ತಾ ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಅಲ್ಲೇ ಸುತ್ತುತ್ತಿದ್ದರು. ಅವರ ಮಿಗ್-21 ಕೂಡ ಇಂಥದೇ ಕ್ಷಿಪಣಿಗೆ ಸಿಕ್ಕಿತು. ಅದಕ್ಕೂ ಒಂದು ವಾರ ಮೊದಲು, ಮೇ 21ರಂದು, ಫೋಟೋ ತೆಗೆಯಲು ಹೋಗಿದ್ದ ಕ್ಯಾನ್‌ಬೆರಾ ವಿಮಾನ ಪೆಟ್ಟು ತಿಂದು ಹೇಗೋ ಶ್ರೀನಗರಕ್ಕೆ ವಾಪಸ್ ಬಂದಿತ್ತು.

ಈ ಪೆಟ್ಟುಗಳ ಹಿಂದೆ ದೊಡ್ಡ ರೇಡಾರ್ ಕೇಂದ್ರ ಇರಲಿಲ್ಲ. ಲಾರಿ ಮೇಲೆ ಕೂರಿಸಿದ ಲಾಂಚರ್ ಕೂಡ ಇರಲಿಲ್ಲ. ಬಂಡೆಯ ಮರೆಯಲ್ಲಿ ಒಬ್ಬ ಸೈನಿಕ, ಅವನ ಹೆಗಲ ಮೇಲೆ ಸುಮಾರು ಒಂದೂವರೆ ಮೀಟರ್ ಉದ್ದದ ಒಂದು ಕೊಳವೆ. ಅಷ್ಟೇ. ಸೇನೆಯವರು ಇದನ್ನು ಮ್ಯಾನ್‌ಪ್ಯಾಡ್ಸ್ ಅಂತಾರೆ. ಅಮೆರಿಕದ ಸ್ಟಿಂಗರ್, ರಷ್ಯಾದ ಸ್ಟ್ರೆಲಾ ಮತ್ತು ಇಗ್ಲಾ, ಫ್ರಾನ್ಸಿನ ಮಿಸ್ಟ್ರಾಲ್, ಪಾಕಿಸ್ತಾನದ ಅಂಜಾ, ಪೋಲೆಂಡಿನ ಪಿಯೊರುನ್ ಎಲ್ಲವೂ ಇದೇ ಜಾತಿಯವು.

ಇವುಗಳ ಬಗ್ಗೆ ಓದುವಾಗ ಎಷ್ಟು ವಿಮಾನ ಬಿದ್ದವು ಅನ್ನುವ ಲೆಕ್ಕದ ಮೇಲೇ ಎಲ್ಲರ ಕಣ್ಣು. ನನಗೆ ಆ ಲೆಕ್ಕ ಅರ್ಧ ಕಥೆ ಅನ್ನಿಸುತ್ತದೆ. ಈ ಕ್ಷಿಪಣಿಯ ಮುಖ್ಯ ಕೆಲಸ ವಿಮಾನವನ್ನು ಬೀಳಿಸುವುದಕ್ಕಿಂತ ಅದನ್ನು ಮೇಲಕ್ಕೆ ಓಡಿಸುವುದು. ನೆಲದಿಂದ ಮೂರು ನಾಲ್ಕು ಕಿಲೋಮೀಟರ್‌ವರೆಗಿನ ಆಕಾಶ ಇದೆಯಲ್ಲ, ಪೈಲಟ್‌ಗೆ ಗುರಿ ಕಣ್ಣಿಗೆ ಕಾಣುವ ಎತ್ತರ, ಹೆಲಿಕಾಪ್ಟರ್‌ಗಳು ಓಡಾಡುವ ಎತ್ತರ, ಅದನ್ನು ಇದು ಕಸಿದುಕೊಳ್ಳುತ್ತದೆ.

ಕಾರ್ಗಿಲ್‌ನಲ್ಲಿ ಆದದ್ದೂ ಇದೇ. ಮೇ 28ರ ನಂತರ ಎಂಐ-17ಗಳನ್ನು ದಾಳಿಯ ಕೆಲಸದಿಂದ ತೆಗೆದರು. ಫೈಟರ್ ವಿಮಾನಗಳಿಗೆ ಕ್ಷಿಪಣಿಯ ಕೈಗೆ ಎಟುಕದಷ್ಟು ಎತ್ತರದಲ್ಲೇ ಇರಬೇಕೆಂಬ ಆದೇಶ ಬಂತು. ಇಲ್ಲೊಂದು ಸೂಕ್ಷ್ಮ ಇದೆ. ಸ್ಟಿಂಗರ್ ಮೂರೂವರೆ ಕಿಲೋಮೀಟರ್ ಎತ್ತರ ಮುಟ್ಟುತ್ತದೆ ಅಂದಾಗ ಆ ಲೆಕ್ಕ ಶುರುವಾಗುವುದು ಹಾರಿಸುವವನ ಕಾಲ ಬುಡದಿಂದ. ಅವನು ಐದು ಸಾವಿರ ಮೀಟರ್ ಎತ್ತರದ ಶಿಖರದ ಮೇಲೆ ಕೂತಿದ್ದರೆ ಅವನ ಕೈ ಸಮುದ್ರಮಟ್ಟದಿಂದ ಎಂಟು ಕಿಲೋಮೀಟರ್ ದಾಟಿ ಚಾಚುತ್ತದೆ. ಅಲ್ಲಿ ಗಾಳಿ ತೆಳು, ಹಾಗಾಗಿ ಕ್ಷಿಪಣಿಗೆ ತಡೆಯೂ ಕಡಿಮೆ. ಹೆಲಿಕಾಪ್ಟರ್‌ಗೆ ಮಾತ್ರ ಅದೇ ತೆಳು ಗಾಳಿ ಶತ್ರು. ರೆಕ್ಕೆಗೆ ಆಸರೆ ಸಿಗದೆ, ಎಂಜಿನ್‌ಗೆ ಉಸಿರು ಸಾಲದೆ ಅದು ನಿಧಾನವಾಗಿ, ಶಿಖರದವನ ಕಣ್ಣಳತೆಯಲ್ಲೇ ಹಾರಬೇಕಾಗುತ್ತದೆ. ಕಣಿವೆಯೊಳಗೆ ಹೋದರಂತೂ ಕ್ಷಿಪಣಿ ಹಿಡಿದವನು ಹೆಲಿಕಾಪ್ಟರ್ ಅನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಿರುತ್ತಾನೆ!

ಮೇಲಕ್ಕೆ ಹೋದ ಮೇಲೆ ಬೇರೆ ಕಷ್ಟ. ಅಷ್ಟು ಎತ್ತರದಿಂದ ಒಂದು ಡೇರೆ, ಒಂದು ಬಂಕರ್ ಕಾಣುವುದಾದರೂ ಹೇಗೆ? ಮಿಗ್-21 ಪೈಲಟ್‌ಗಳು ಕೈಯಲ್ಲಿ ಹಿಡಿಯುವ ಜಿಪಿಎಸ್ ಮತ್ತು ಸ್ಟಾಪ್‌ವಾಚ್ ಇಟ್ಟುಕೊಂಡು ಬಾಂಬ್ ಹಾಕಿದ್ದು ಈ ಕಾರಣಕ್ಕೇ. ಕೊನೆಗೆ ಮಿರಾಜ್-2000 ವಿಮಾನಗಳಿಗೆ ಗುರಿಯ ಮೇಲೆ ಲೇಸರ್ ಬೆಳಕು ಬಿಡುವ ಪಾಡ್ ಕಟ್ಟಿ, ಜೂನ್ 24ರಂದು ಟೈಗರ್ ಹಿಲ್ ಮೇಲೆ ಆ ಬೆಳಕನ್ನೇ ಹಿಡಿದು ಹೋಗುವ ಲೇಸರ್ ಬಾಂಬ್ ಹಾಕಿದಾಗ ಎತ್ತರದಿಂದಲೂ ಗುರಿ ತಪ್ಪದೆ ಹೊಡೆಯುವ ದಾರಿ ಸಿಕ್ಕಿತು. ಕೆಲವೇ ಕ್ಷಿಪಣಿಗಳು ಒಂದು ಇಡೀ ವಾಯುಪಡೆಯ ಯುದ್ಧದ ರೀತಿಯನ್ನೇ ಬದಲಿಸಿದವು.

ಈಗ ಆ ಕೊಳವೆಯೊಳಗೆ ಏನಿದೆ ನೋಡೋಣ.

ಸ್ಟಿಂಗರ್ ಅನ್ನೇ ತೆಗೆದುಕೊಳ್ಳಿ. ಕ್ಷಿಪಣಿಯ ದಪ್ಪ 70 ಮಿಲಿಮೀಟರ್, ತೂಕ ಸುಮಾರು 10 ಕೆಜಿ. ಕೊಳವೆ, ಹಿಡಿಕೆ ಎಲ್ಲ ಸೇರಿ 15-16 ಕೆಜಿ. ಅದರಲ್ಲಿ ಸಿಡಿತಲೆ ಬರೀ ಮೂರು ಕೆಜಿ. ಮೂತಿಯಲ್ಲಿ ಒಂದು ಗಾಜಿನ ಗುಮ್ಮಟ, ಅದರ ಹಿಂದೆ ಸೀಕರ್. ಸೀಕರ್ ಅಂದರೆ ಶಾಖವನ್ನು ನೋಡುವ ಕಣ್ಣು. ಬಿಸಿಯಾದ ಯಾವುದೇ ವಸ್ತು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಜೆಟ್ ಎಂಜಿನ್ನಿನ ಬಿಸಿ ಲೋಹ, ಹಿಂದೆ ಉಗುಳುವ ಬಿಸಿ ಗಾಳಿ, ವೇಗಕ್ಕೆ ಕಾದ ರೆಕ್ಕೆಯ ಅಂಚು ಎಲ್ಲವೂ ತಣ್ಣನೆಯ ಆಕಾಶದ ಮುಂದೆ ಈ ಕಣ್ಣಿಗೆ ಎದ್ದು ಕಾಣುತ್ತವೆ.

ಆದರೆ ಕಣ್ಣೇ ಬೆಚ್ಚಗಿದ್ದರೆ ಹೊರಗಿನ ಸಣ್ಣ ಶಾಖ ಕಾಣುವುದಿಲ್ಲ. ಹಾಗಾಗಿ ಹಾರಿಸುವ ಮೊದಲು ಅದನ್ನು ತಂಪು ಮಾಡಬೇಕು. ಹಿಡಿಕೆಗೆ ಕೂಡಿಸುವ ಒಂದು ಸಣ್ಣ ಡಬ್ಬಿಯಲ್ಲಿ ಬ್ಯಾಟರಿ ಮತ್ತು ಒತ್ತಿ ತುಂಬಿದ ಆರ್ಗಾನ್ ಅನಿಲ ಎರಡೂ ಇರುತ್ತವೆ. ಅನಿಲ ಹೊರನುಗ್ಗಿದ ಕೂಡಲೇ ಸೀಕರ್ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಣ್ಣಗಾಗುತ್ತದೆ. ಈ ಡಬ್ಬಿಯ ಆಯುಷ್ಯ ಸುಮಾರು 45 ಸೆಕೆಂಡ್. ಅಷ್ಟರೊಳಗೆ ಹಾರಿಸಬೇಕು, ಇಲ್ಲವೇ ಹೊಸ ಡಬ್ಬಿ ಹಾಕಬೇಕು. ಆತುರಪಟ್ಟು ಮೊದಲೇ ಚಾಲೂ ಮಾಡಿದವನ ಡಬ್ಬಿ ವಿಮಾನ ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ. ತಡ ಮಾಡಿದವನ ತಲೆ ಮೇಲೆ ವಿಮಾನ ಹಾರಿ ಹೋಗಿರುತ್ತದೆ. ತರಬೇತಿಯ ದೊಡ್ಡ ಪಾಲು ಈ ಲೆಕ್ಕಾಚಾರವೇ.

ಸೀಕರ್‌ಗೆ ಶಾಖ ಸಿಕ್ಕಿತು ಅಂದರೆ ಸೈನಿಕನ ಕಿವಿಗೆ ಒಂದು ಸದ್ದು ಕೇಳುತ್ತದೆ. ಆಮೇಲೆ ಟ್ರಿಗರ್. ಇಲ್ಲೂ ಒಂದು ಜಾಣತನ ಇದೆ. ದೊಡ್ಡ ರಾಕೆಟ್ ಮೋಟರ್ ಕೊಳವೆಯೊಳಗೇ ಹೊತ್ತಿಕೊಂಡರೆ ಹಾರಿಸಿದವನ ಮುಖ ಸುಟ್ಟುಹೋಗುತ್ತದೆ. ಅದಕ್ಕೆ ಮೊದಲು ಒಂದು ಪುಟ್ಟ ಮೋಟರ್ ಕ್ಷಿಪಣಿಯನ್ನು ಹೊರಕ್ಕೆ ಎಸೆದು ಕಳಚಿ ಬೀಳುತ್ತದೆ. ಕ್ಷಿಪಣಿ ಸುರಕ್ಷಿತ ದೂರಕ್ಕೆ ಹೋದ ಮೇಲಷ್ಟೇ ಮುಖ್ಯ ಮೋಟರ್ ಗರ್ಜಿಸುತ್ತದೆ. ನೋಡನೋಡುತ್ತಲೇ ಶಬ್ದದ ಎರಡು ಪಟ್ಟು ವೇಗ. ನಾಲ್ಕು ಕಿಲೋಮೀಟರ್ ದೂರದ ವಿಮಾನದ ಪೈಲಟ್‌ಗೆ ಉಳಿದಿರುವ ಸಮಯ ಏಳೆಂಟು ಸೆಕೆಂಡ್.

ಕ್ಷಿಪಣಿ ವಿಮಾನದ ಹಿಂದೆ ಹಿಂದೆಯೇ ಓಡುತ್ತದೆ ಅಂತ ಅನೇಕರ ಕಲ್ಪನೆ. ಹಾಗಲ್ಲ. ಬೌಂಡರಿ ಕಡೆ ಉರುಳುವ ಚೆಂಡನ್ನು ತಡೆಯಲು ಒಳ್ಳೆ ಫೀಲ್ಡರ್ ಚೆಂಡು ಈಗ ಇರುವ ಜಾಗಕ್ಕೆ ಓಡುವುದಿಲ್ಲ, ಅದು ಬಂದು ಸೇರುವ ಜಾಗಕ್ಕೆ ಓಡುತ್ತಾನೆ ಅಲ್ವಾ? ಕ್ಷಿಪಣಿಯೂ ಹಾಗೇ. ಗುರಿ ತನ್ನ ಕಣ್ಣಿಗೆ ಕಾಣುವ ಕೋನ ಬದಲಾಗದಂತೆ ತನ್ನ ದಾರಿಯನ್ನು ತಿದ್ದುತ್ತಾ ಹೋದರೆ ಸಾಕು, ಇಬ್ಬರೂ ಒಂದೇ ಜಾಗದಲ್ಲಿ ಎದುರಾಗುತ್ತಾರೆ. ದೂರ ಎಷ್ಟು, ವೇಗ ಎಷ್ಟು ಎಂದು ಅಳೆಯುವ ಗೋಜೇ ಬೇಡ. ಇಷ್ಟು ಸಣ್ಣ ಕ್ಷಿಪಣಿಯಲ್ಲಿ ರೇಡಾರ್ ಇಲ್ಲದೆ ಕೆಲಸ ನಡೆಯುವುದು ಇದರಿಂದಲೇ.

ರೇಡಾರ್ ಇಲ್ಲದಿರುವುದೇ ಇದರ ದೊಡ್ಡ ಬಲ ಕೂಡ. ರೇಡಾರ್ ಅಲೆ ಬಿದ್ದರೆ ಫೈಟರ್ ವಿಮಾನದಲ್ಲಿ ಎಚ್ಚರಿಕೆ ಗಂಟೆ ಬಾರಿಸುತ್ತದೆ. ಸೀಕರ್ ಏನನ್ನೂ ಕಳಿಸುವುದಿಲ್ಲ, ಸುಮ್ನೆ ನೋಡುತ್ತದೆ. ಹಾಗಾಗಿ ಕ್ಷಿಪಣಿ ಹೊರಟ ಕ್ಷಣದವರೆಗೂ ಪೈಲಟ್‌ಗೆ ಸುಳಿವೇ ಸಿಗುವುದಿಲ್ಲ.

ಈ ಕಣ್ಣು ಮೊದಲಿನಿಂದಲೂ ಇಷ್ಟು ಚುರುಕಾಗಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ರೆಡ್‌ಐ ಮತ್ತು ಸೋವಿಯತ್ ಸ್ಟ್ರೆಲಾ-2 ಬಂದಾಗ ಅವು ಎಂಜಿನ್ನಿನ ಬೆಂಕಿಯನ್ನು ಹಿಂದಿನಿಂದ ಮಾತ್ರ ಹಿಡಿಯಬಲ್ಲವಾಗಿದ್ದವು. ಅಂದರೆ ವಿಮಾನ ಬಾಂಬ್ ಹಾಕಿ ಹೊರಟುಹೋದ ಮೇಲೆ ಸೇಡು ತೀರಿಸಿಕೊಳ್ಳುವ ಆಯುಧ! ಎದುರಿಗೆ ಸೂರ್ಯ ಇದ್ದರಂತೂ ಅದರ ಬೆನ್ನಿಗೇ ಬೀಳುವ ಸಾಧ್ಯತೆ ಇತ್ತು. ಆದರೂ 1969ರಲ್ಲಿ ಈಜಿಪ್ಟ್, 1972ರಲ್ಲಿ ವಿಯೆಟ್ನಾಂ, ಸ್ಟ್ರೆಲಾ ಬಂದ ಕಡೆಯೆಲ್ಲ ನಿಧಾನವಾಗಿ ಕೆಳಗೆ ಹಾರುವ ವಿಮಾನಗಳಿಗೆ ಕಷ್ಟಕಾಲ ಶುರುವಾಯಿತು. ತಂಪು ಮಾಡಿದ ಸೀಕರ್ ಬಂದ ಮೇಲೆ ಮುಂದಿನಿಂದ, ಪಕ್ಕದಿಂದ ಬರುವ ವಿಮಾನವನ್ನೂ ಹೊಡೆಯುವುದು ಸಾಧ್ಯವಾಯಿತು. 1980ರ ದಶಕದ ಸ್ಟಿಂಗರ್ ಮತ್ತು ಇಗ್ಲಾ ಈ ಸಾಲಿನವು.

ಸ್ಟಿಂಗರ್‌ಗೆ ಹೆಸರು ತಂದದ್ದು ಅಫ್ಘಾನಿಸ್ತಾನ. ಅಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್‌ಗಳಿಗೆ ಅಮೆರಿಕ ಅದನ್ನು ಕೊಟ್ಟಿತ್ತು. 1986ರ ಸೆಪ್ಟೆಂಬರ್ 26ರಂದು ಜಲಾಲಾಬಾದ್ ವಿಮಾನ ನಿಲ್ದಾಣದ ಹತ್ತಿರ ಎಂಜಿನಿಯರ್ ಗಫ್ಫಾರ್ ಎಂಬ ಮುಜಾಹಿದೀನ್ ಕಮಾಂಡರ್‌ನ ತಂಡ ಇಳಿಯಲು ಬರುತ್ತಿದ್ದ ಸೋವಿಯತ್ ಎಂಐ-24 ಹೆಲಿಕಾಪ್ಟರ್‌ಗಳಿಗೆ ಕಾದು ಕೂತಿತ್ತು. ಮೊದಲ ಕ್ಷಿಪಣಿ ಕೈಕೊಟ್ಟು ಬಂಡೆಗಳ ನಡುವೆ ಬಿತ್ತು. ಆಮೇಲಿನವು ಮೂರು ಹೆಲಿಕಾಪ್ಟರ್‌ಗಳನ್ನು ಉರುಳಿಸಿದವು. ಸ್ಟಿಂಗರ್‌ನಿಂದಲೇ ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟಿತು ಅನ್ನುವ ಮಾತು ಆಮೇಲೆ ತುಂಬ ಹಬ್ಬಿತು. ಇದು ಉತ್ಪ್ರೇಕ್ಷೆ. ಗೊರ್ಬಚೆವ್ ಹೊರಬರುವ ಯೋಚನೆಯನ್ನು ಅದಕ್ಕೂ ಮೊದಲೇ ಶುರು ಮಾಡಿದ್ದರು. ಸ್ಟಿಂಗರ್ ಬಂದ ಮೇಲೆ ಸೋವಿಯತ್ ಪೈಲಟ್‌ಗಳು ಎತ್ತರಕ್ಕೆ ಏರಿದರು, ರಾತ್ರಿ ಹಾರಲು ಶುರು ಮಾಡಿದರು, ಫ್ಲೇರ್ ಸುರಿಯುತ್ತಾ ಇಳಿಯಲು ಕಲಿತರು. ವಿಮಾನಗಳ ನಷ್ಟವನ್ನು ತಾಳಿಕೊಳ್ಳಬಹುದಾಗಿತ್ತು. ಆದರೆ ಕಣಿವೆಯೊಳಗೆ ಇಳಿದು ಕಾಲಾಳುಗಳ ನೆರವಿಗೆ ನಿಲ್ಲುತ್ತಿದ್ದ ಹೆಲಿಕಾಪ್ಟರ್‌ಗಳ ಹಳೆಯ ಧೈರ್ಯ ಹೋಯಿತು. ಮತ್ತದೇ ಕಥೆ, ಕೆಳಗಿನ ಆಕಾಶ ಕೈತಪ್ಪುವುದು.

ತಪ್ಪಿಸಿಕೊಳ್ಳುವ ಉಪಾಯಗಳೂ ಕ್ಷಿಪಣಿಯ ಜೊತೆಜೊತೆಗೇ ಬೆಳೆದಿವೆ. ಫ್ಲೇರ್ ಎಲ್ಲರಿಗೂ ಗೊತ್ತಿರುವುದು. ಮೆಗ್ನೀಸಿಯಂ ಉರಿಸಿ ಎಂಜಿನ್ನಿಗಿಂತ ಜಾಸ್ತಿ ಬಿಸಿ ಸೂಸುವ ಬೆಂಕಿ ಉಂಡೆಗಳನ್ನು ವಿಮಾನ ಎಸೆಯುತ್ತದೆ, ಕ್ಷಿಪಣಿ ಅವುಗಳ ಕಡೆ ತಿರುಗುತ್ತದೆ. ಇದಕ್ಕೆ ಉತ್ತರವಾಗಿ ಕ್ಷಿಪಣಿಯವರು ಸೀಕರ್‌ಗೆ ಎರಡು ಬಗೆಯ ಬೆಳಕು ನೋಡುವುದನ್ನು ಕಲಿಸಿದರು. ಸ್ಟಿಂಗರ್‌ನ ಮುಂದಿನ ಮಾದರಿಗಳು ಇನ್‌ಫ್ರಾರೆಡ್ ಜೊತೆ ಅಲ್ಟ್ರಾವಯಲೆಟ್ ಕೂಡ ನೋಡುತ್ತವೆ. ಫ್ಲೇರ್ ಎರಡರಲ್ಲೂ ಉರಿಯುತ್ತದೆ, ವಿಮಾನ ಹಾಗಲ್ಲ. ಅಲ್ಲಿಗೆ ಗುಟ್ಟು ರಟ್ಟು. ಇದಕ್ಕೆ ಪ್ರತಿಯಾಗಿ ವಿಮಾನಗಳಿಗೆ ಹೊಸ ಸಾಧನ ಬಂತು. ಬರುತ್ತಿರುವ ಕ್ಷಿಪಣಿಯ ಹೊಗೆಬೆಂಕಿಯನ್ನು ಗುರುತಿಸಿ, ಅದರ ಕಣ್ಣಿಗೇ ಲೇಸರ್ ಬಿಟ್ಟು ದಿಕ್ಕು ಕೆಡಿಸುವ ಯಂತ್ರ ಅದು. ಹೆಲಿಕಾಪ್ಟರ್‌ಗಳಲ್ಲಿ ಎಂಜಿನ್ನಿನ ಬಿಸಿ ಹೊಗೆಗೆ ತಣ್ಣನೆ ಗಾಳಿ ಬೆರೆಸಿ ಹೊರಬಿಡುವ ಮೂತಿಗಳನ್ನು ಕೂಡ ನೋಡಿರುತ್ತೀರಿ.

ಬ್ರಿಟಿಷರ ಸ್ಟಾರ್‌ಸ್ಟ್ರೀಕ್ ಮತ್ತು ಸ್ವೀಡನ್ನಿನ ಆರ್‌ಬಿಎಸ್-70 ಈ ಜಗಳದಿಂದಲೇ ಹೊರಗೆ ನಿಂತಿವೆ. ಅವು ಶಾಖ ನೋಡುವುದೇ ಇಲ್ಲ. ಹಾರಿಸಿದವನು ಗುರಿಯ ಮೇಲೆ ಲೇಸರ್ ಕಿರಣ ಹಿಡಿದಿರುತ್ತಾನೆ, ಕ್ಷಿಪಣಿ ಆ ಕಿರಣದೊಳಗೇ ಸಾಗುತ್ತದೆ. ಫ್ಲೇರ್‌ಗೆ ಬೆಲೆಯೇ ಇಲ್ಲ. ಆದರೆ ಸ್ಟಿಂಗರ್ ಹಾರಿಸಿದವನು ತಕ್ಷಣ ಓಡಿಹೋಗಬಹುದು, ಇವನು ಕೊನೆಯವರೆಗೂ ಕೈ ನಡುಗದೆ ಅಲ್ಲೇ ನಿಲ್ಲಬೇಕು.

ಸೇನೆಯ ಒಳಗೆ ಇದರ ಜಾಗ ಎಲ್ಲಿ? ವಾಯುರಕ್ಷಣೆಯನ್ನು ಪದರ ಪದರವಾಗಿ ಕಟ್ಟುತ್ತಾರೆ. ದೂರಕ್ಕೆ ರಷ್ಯಾದ ಎಸ್-400 ಕ್ಷಿಪಣಿ, ಅದರ ಒಳಗೆ ಸುಮಾರು 25 ಕಿಲೋಮೀಟರ್ ವ್ಯಾಪ್ತಿಯ ಆಕಾಶ್. ವಾಯುಪಡೆಗೆ ಆಕಾಶ್ ವ್ಯವಸ್ಥೆ ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ಬಿಇಎಲ್. ಎಲ್ಲದರ ಕೊನೆಗೆ, ಐದಾರು ಕಿಲೋಮೀಟರ್ ಒಳಗೆ, ಹೆಗಲ ಮೇಲಿನ ಕ್ಷಿಪಣಿ. ದೊಡ್ಡ ವ್ಯವಸ್ಥೆಗಳ ರೇಡಾರ್‌ಗೆ ಬೆಟ್ಟದ ಮರೆಯಲ್ಲಿ, ಮರದ ತಲೆ ಸವರಿಕೊಂಡು ಬರುವ ಹೆಲಿಕಾಪ್ಟರ್ ಕಾಣದೇ ಹೋಗಬಹುದು. ಮುಂಚೂಣಿಯ ಸೈನಿಕನ ಕಣ್ಣಿಗೆ ಅದು ಕಾಣುತ್ತದೆ. ದೊಡ್ಡ ಕ್ಷಿಪಣಿಗಳಿಗೆ ಹೆದರಿ ಕೆಳಗಿಳಿದ ವಿಮಾನ ಇವನ ಬಾಯಿಗೆ ಬೀಳುತ್ತದೆ, ಇವನಿಗೆ ಹೆದರಿ ಮೇಲೇರಿದರೆ ದೊಡ್ಡದರ ಕೈಗೆ. ಒಂಟಿಯಾಗಿ ನೋಡಿದರೆ ಸಣ್ಣದೆನಿಸುವ ಈ ಆಯುಧ ಜೊತೆಯಲ್ಲಿದ್ದಾಗ ಇಷ್ಟು ಭಾರ ಆಗುವುದು ಈ ಇಕ್ಕಳದಿಂದಲೇ.

ಭಾರತದ ಸೇನೆ ಮೊದಲು ಸ್ಟ್ರೆಲಾ, ಆಮೇಲೆ ದಶಕಗಳ ಕಾಲ ಇಗ್ಲಾ ಇಟ್ಟುಕೊಂಡು ಬಂದಿದೆ. ಈಚೆಗೆ ಸೇರಿದ ಇಗ್ಲಾ-ಎಸ್ ಆರು ಕಿಲೋಮೀಟರ್‌ವರೆಗೆ ಹೊಡೆಯುತ್ತದೆ. ಸಾಮಾನ್ಯವಾಗಿ ಇಬ್ಬರ ಜೋಡಿ. ಒಬ್ಬ ಹಾರಿಸುವವನು, ಇನ್ನೊಬ್ಬ ಆಕಾಶ ನೋಡುತ್ತಾ, ವೈರ್‌ಲೆಸ್‌ನಲ್ಲಿ ಮಾತಾಡುತ್ತಾ, ಮುಂದಿನ ಕೊಳವೆ ಸಿದ್ಧ ಮಾಡುವವನು. ಕಠಿಣವಾದದ್ದು ಗುರಿ ಹಿಡಿಯುವುದಲ್ಲ. ಬರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ಕೆಲವೇ ಸೆಕೆಂಡ್‌ನಲ್ಲಿ ತೀರ್ಮಾನಿಸುವುದು. ಎಲೆಕ್ಟ್ರಾನಿಕ್ ಸಾಧನ ವಿಮಾನಕ್ಕೆ ಸಂಕೇತ ಕಳಿಸಿ ‘ನೀನು ಯಾರು’ ಎಂದು ಕೇಳುತ್ತದೆ ನಿಜ. ಆದರೆ ಗಡಿಬಿಡಿಯಲ್ಲಿ ದೊಡ್ಡ ವ್ಯವಸ್ಥೆಗಳೂ ಎಡವುತ್ತವೆ. 2019ರ ಫೆಬ್ರವರಿ 27ರಂದು ಬಡಗಾಂನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ನಮ್ಮದೇ ಸ್ಪೈಡರ್ ಕ್ಷಿಪಣಿಗೆ ಬಲಿಯಾಯಿತು. ಹೆಗಲ ಮೇಲೆ ಕೊಳವೆ ಹೊತ್ತು ನಿಂತಿರುವ ಹುಡುಗನ ಮೇಲೆ ಇರುವ ಒತ್ತಡ ಊಹಿಸಿಕೊಳ್ಳಿ.

ಕಾರ್ಗಿಲ್‌ನ ಪಾಠದ ಇನ್ನೊಂದು ತುದಿ ಬೆಂಗಳೂರಿನಲ್ಲಿದೆ. ಎತ್ತರದ ತೆಳು ಗಾಳಿಯಲ್ಲಿ ಕಾದಾಡಬಲ್ಲ ಹೆಲಿಕಾಪ್ಟರ್ ನಮ್ಮಲ್ಲಿ ಇರಲಿಲ್ಲ ಎಂಬ ಕೊರತೆಯಿಂದಲೇ ಎಚ್‌ಎಎಲ್ ಪ್ರಚಂಡ ಹೆಲಿಕಾಪ್ಟರ್ ರೂಪಿಸಿತು. 2022ರ ಅಕ್ಟೋಬರ್ 3ರಂದು ಅದು ವಾಯುಪಡೆ ಸೇರಿತು. ಅದರಲ್ಲಿ ಕ್ಷಿಪಣಿ ಎಚ್ಚರಿಕೆ ಸಾಧನ, ಫ್ಲೇರ್ ಎಲ್ಲ ಇವೆ. ಜೊತೆಗೆ ರೆಕ್ಕೆಯ ಕೆಳಗೆ ಮಿಸ್ಟ್ರಾಲ್ ಕ್ಷಿಪಣಿಗಳು. ಅದೇ ಮಿಸ್ಟ್ರಾಲ್, ಫ್ರಾನ್ಸಿನಲ್ಲಿ ಕಾಲಾಳುಗಳು ಹೊತ್ತೊಯ್ಯುವ ಕ್ಷಿಪಣಿಯಾಗಿ ಹುಟ್ಟಿದ್ದು. ನಾವು ಕೊಂಡ ಅಪಾಚೆ ಹೆಲಿಕಾಪ್ಟರ್‌ಗಳ ಜೊತೆ ಸ್ಟಿಂಗರ್‌ಗಳೂ ಬಂದಿವೆ. ಹೆಲಿಕಾಪ್ಟರ್ ಬೇಟೆಗೆಂದು ಮಾಡಿದ ಆಯುಧವನ್ನೇ ಹೆಲಿಕಾಪ್ಟರ್ ಹೊತ್ತು ತಿರುಗುವ ಕಾಲ ಇದು.

ಇತ್ತೀಚಿನ ದೊಡ್ಡ ಪರೀಕ್ಷೆ ಉಕ್ರೇನಿನಲ್ಲಿ ನಡೆದಿದೆ. 2022ರಲ್ಲಿ ಅಮೆರಿಕ ಒಂದೇ 1,400ಕ್ಕೂ ಹೆಚ್ಚು ಸ್ಟಿಂಗರ್ ಕೊಟ್ಟಿತು. ಬ್ರಿಟನ್ ಸ್ಟಾರ್‌ಸ್ಟ್ರೀಕ್ ಕಳಿಸಿತು, ಪೋಲೆಂಡ್ ಪಿಯೊರುನ್ ಕಳಿಸಿತು. ಮೊದಲ ವಾರಗಳಲ್ಲಿ ರಷ್ಯಾದ ವಿಮಾನಗಳು ದೊಡ್ಡ ಕ್ಷಿಪಣಿಗಳಿಗೆ ಹೆದರಿ ಕೆಳಗೆ ಹಾರಿದವು, ಕೆಳಗೆ ಇವು ಕಾದಿದ್ದವು. ಆಮೇಲೆ ರಷ್ಯಾದ ಹೆಲಿಕಾಪ್ಟರ್‌ಗಳು ಒಂದು ವಿಚಿತ್ರ ರೂಢಿಗೆ ಬಿದ್ದವು. ದೂರದಲ್ಲೇ ಮೂತಿ ಮೇಲಕ್ಕೆತ್ತಿ, ರಾಕೆಟ್‌ಗಳನ್ನು ಫಿರಂಗಿ ಗುಂಡಿನ ಹಾಗೆ ಕಮಾನಿನ ದಾರಿಯಲ್ಲಿ ಎಸೆದು, ತಿರುಗಿ ಓಡುವುದು. ಎಲ್ಲಿ ಬೀಳುತ್ತವೆ ಎಂದು ಹಾರಿಸಿದವರಿಗೂ ಸರಿಯಾಗಿ ಗೊತ್ತಿಲ್ಲ. ಫೈಟರ್‌ಗಳು ಕ್ರಮೇಣ ದೂರದಿಂದ, ಎತ್ತರದಿಂದ ತೇಲಿಬಿಡುವ ಗ್ಲೈಡ್ ಬಾಂಬ್‌ಗಳ ಮೊರೆ ಹೋದವು. ಕಾರ್ಗಿಲ್‌ನಲ್ಲಿ ನಾವು ಲೇಸರ್ ಬಾಂಬ್‌ನಿಂದ ಕಂಡುಕೊಂಡ ದಾರಿಯೇ ಇದು, ಇನ್ನೂ ಭಯಂಕರ ಪ್ರಮಾಣದಲ್ಲಿ. ಅಂಥ ಬಾಂಬ್ ಎಸೆಯುವ ವಿಮಾನವನ್ನು ಹೆಗಲ ಕ್ಷಿಪಣಿ ಮುಟ್ಟಲಾರದು.

ಅದೇ ಹೊತ್ತಿಗೆ ಅಮೆರಿಕಕ್ಕೆ ಇನ್ನೊಂದು ಸತ್ಯ ಗೊತ್ತಾಯಿತು. ಸ್ಟಿಂಗರ್ ಉಗ್ರಾಣ ಖಾಲಿಯಾಗುತ್ತಿದೆ, ಹೊಸದು ಮಾಡೋಣ ಅಂದರೆ ಅದರ ಕೆಲವು ಬಿಡಿಭಾಗಗಳು ಮಾರುಕಟ್ಟೆಯಲ್ಲೇ ಇಲ್ಲ. 1980ರ ದಶಕದ ಎಲೆಕ್ಟ್ರಾನಿಕ್ಸ್ ಅದು. ಸೀಕರ್‌ನ ಭಾಗಗಳನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು.

ಸಣ್ಣದು, ಬಳಸಲು ಸುಲಭ, ಹೊತ್ತೊಯ್ಯಬಹುದು ಎಂಬ ಗುಣಗಳೇ ಇದನ್ನು ಅಪಾಯಕಾರಿಯೂ ಮಾಡಿವೆ. 1978ರಲ್ಲಿ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಪ್ರಯಾಣಿಕ ವಿಮಾನವೊಂದನ್ನು ಸ್ಟ್ರೆಲಾ-2ರಿಂದ ಬೀಳಿಸಿದರು, ಕೆಲವೇ ತಿಂಗಳಲ್ಲಿ ಇನ್ನೊಂದನ್ನು. 2002ರ ನವೆಂಬರ್‌ನಲ್ಲಿ ಕೀನ್ಯಾದ ಮೊಂಬಾಸಾದಿಂದ ಏರುತ್ತಿದ್ದ ಇಸ್ರೇಲಿ ವಿಮಾನದತ್ತ ಹಾರಿಸಿದ ಎರಡೂ ಕ್ಷಿಪಣಿಗಳು ಗುರಿ ತಪ್ಪಿದವು. ಮರುವರ್ಷ ಬಾಗ್ದಾದ್‌ನಲ್ಲಿ ಸರಕು ವಿಮಾನವೊಂದರ ಎಡ ರೆಕ್ಕೆಗೆ ಪೆಟ್ಟು ಬಿತ್ತು. ಹೈಡ್ರಾಲಿಕ್ ಪೂರ್ತಿ ಹೋದರೂ ಪೈಲಟ್‌ಗಳು ಎರಡು ಎಂಜಿನ್‌ಗಳ ಶಕ್ತಿ ಹೆಚ್ಚು ಕಡಿಮೆ ಮಾಡಿಯೇ ವಿಮಾನ ತಿರುಗಿಸಿ ಇಳಿಸಿದರು. ಮೂರು ಕೆಜಿಗೂ ಕಡಿಮೆ ಸಿಡಿತಲೆ ದೊಡ್ಡ ವಿಮಾನವನ್ನು ಯಾವಾಗಲೂ ಉರುಳಿಸಲಾರದು ಎಂಬುದಕ್ಕೂ ಇದು ಸಾಕ್ಷಿ. ಅಫ್ಘಾನಿಸ್ತಾನದಲ್ಲಿ ಕೊಟ್ಟ ಸ್ಟಿಂಗರ್‌ಗಳನ್ನು 1990ರ ದಶಕದಲ್ಲಿ ಅಮೆರಿಕವೇ ದುಡ್ಡು ಕೊಟ್ಟು ವಾಪಸ್ ಕೊಳ್ಳಲು ಹೊರಟದ್ದು ಈ ಭಯದಿಂದಲೇ.

ಈಗಿನ ದೊಡ್ಡ ತಲೆನೋವು ಡ್ರೋನ್. ಬ್ಯಾಟರಿಯಿಂದ ಹಾರುವ ಸಣ್ಣ ಡ್ರೋನ್‌ನಲ್ಲಿ ಬಿಸಿಯೇ ಇಲ್ಲದಷ್ಟು ಕಡಿಮೆ. ಸೀಕರ್‌ಗೆ ಅದು ಕಾಣುವುದೇ ಕಷ್ಟ. ಕಂಡರೂ ಬೆಲೆಯ ಪ್ರಶ್ನೆ ಇದೆ. ಒಂದು ಸ್ಟಿಂಗರ್‌ಗೆ ಲಕ್ಷ ಡಾಲರ್‌ಗಿಂತ ಹೆಚ್ಚು. ಅದನ್ನು ಕೆಲವು ನೂರು ಡಾಲರ್ ಡ್ರೋನ್ ಮೇಲೆ ಹಾರಿಸಿದರೆ ಗೆದ್ದದ್ದು ಯಾರು? ಹಾಗಾಗಿ ಸಣ್ಣವಕ್ಕೆ ಬಂದೂಕು, ಜಾಮರ್, ಡ್ರೋನ್ ಬೇಟೆಯಾಡುವ ಡ್ರೋನ್. ಕ್ಷಿಪಣಿಯನ್ನು ಹೆಲಿಕಾಪ್ಟರ್‌ಗೆ, ಕ್ರೂಸ್ ಕ್ಷಿಪಣಿಗೆ, ಇರಾನಿನ ಶಾಹೆದ್‌ನಂಥ ಎಂಜಿನ್ ಇರುವ ದೊಡ್ಡ ಡ್ರೋನ್‌ಗೆ ಉಳಿಸಿಕೊಳ್ಳಬೇಕು. ಹೆಲಿಕಾಪ್ಟರ್‌ಗಳನ್ನು ಹೆದರಿಸಿ ಓಡಿಸಲೆಂದು ಹುಟ್ಟಿದ ಆಯುಧಕ್ಕೆ, ಹೆದರಿಕೆಯೇ ಗೊತ್ತಿಲ್ಲದ, ಒಳಗೆ ಮನುಷ್ಯನೇ ಇಲ್ಲದ ಯಂತ್ರಗಳು ಎದುರಾಗಿವೆ. ಅವನ್ನು ಬೆದರಿಸಿ ಮೇಲಕ್ಕೆ ಕಳಿಸಲು ಆಗುವುದಿಲ್ಲ, ಹೊಡೆದೇ ಬೀಳಿಸಬೇಕು.

ಭಾರತದ ಡಿಆರ್‌ಡಿಒ ಈಗ ತನ್ನದೇ ಕ್ಷಿಪಣಿ ಮಾಡುತ್ತಿದೆ. ಹೈದರಾಬಾದಿನ ರಿಸರ್ಚ್ ಸೆಂಟರ್ ಇಮಾರತ್ ರೂಪಿಸಿದ ಇದರ ಹೆಸರು ವಿಶೋರಾಡ್ಸ್. 2022ರ ಸೆಪ್ಟೆಂಬರ್‌ನಿಂದ ಒಡಿಶಾದ ಚಾಂದಿಪುರ ಮತ್ತು ರಾಜಸ್ಥಾನದ ಪೋಖ್ರಾನ್‌ನಲ್ಲಿ ಪರೀಕ್ಷೆಗಳು ನಡೆದಿವೆ. 2025ರ ಫೆಬ್ರವರಿ 1ರಂದು ಚಾಂದಿಪುರದಲ್ಲಿ ಒಂದರ ಹಿಂದೆ ಒಂದರಂತೆ ಮೂರು ಬಾರಿ ಹಾರಿಸಿದರು. ಆ ಸಲ ಗುರಿಯಾಗಿ ಆರಿಸಿಕೊಂಡದ್ದು ಬಿಸಿ ಎಂಜಿನ್ನಿನ ಫೈಟರ್‌ನಂಥದ್ದನ್ನಲ್ಲ. ತೀರಾ ಕೆಳಗೆ ಹಾರುವ, ಡ್ರೋನ್‌ನ ಹಾಗೆ ಶಾಖ ಕಡಿಮೆ ಮಾಡಿದ ಗುರಿಗಳನ್ನು. ಮೂರನ್ನೂ ಕ್ಷಿಪಣಿ ಹುಡುಕಿ ಹೊಡೆಯಿತು.